ಎರಡು ಗೀಟಿನಾಚೆ

ತಾರ್ತು ಊರಿನ ಜಲಮಾಪನ ಕಚೇರಿಯಲ್ಲಿ
ನಮಗೊಬ್ಬ ದುಭಾಷಿಯಿದ್ದಾನೆ.
ನಾವು ಬರೆದದ್ದನ್ನು ಸಾಲುಸಾಲಾಗಿ ಓದಿ
ಯಂತ್ರದ ಕಿವಿಯಲ್ಲಿ ಹೇಳುವುದಷ್ಟೇ ಅವನ ಕೆಲಸ.
ಮೂವತ್ತು ವರ್ಷದ ಕೆಳಗೆ ಎಂಡೆಲ್ ರೌಡ್ಸಿಕ್ ಬರೆದ ಪ್ರೋಗ್ರಾಮು.
ಎಂಡೆಲ್ ಈಗಿಲ್ಲ.
ದುಭಾಷಿ ಮಾತ್ರ ಎಬ್ಬಿಸಿದಾಗಲೆಲ್ಲ
ಅವನದೇ ದನಿಯಲ್ಲಿ ಬಾಗಿಲು ತೆರೆಯುತ್ತಾನೆ:
ಬಂದಿರಾ? ಕೂತುಕೊಳ್ಳಿ. ಇವತ್ತು ಏನು ಎಣಿಸೋಣ?

ಹೆಪ್ಪುಗಟ್ಟಿದ ಪೈಪ್ಸಿ ಸರೋವರದ ಮೇಲೆ
ಬೆಸ್ತ ಯೆಫೀಮನ ಹಲಗೆಗೂಡು.
ಅದರ ಮೂಲೆಯಲ್ಲಿ ಅಂಗೈಯಗಲದ ಕಂಪ್ಯೂಟರು.
ಹತ್ತು ನಿಮಿಷಕ್ಕೊಮ್ಮೆ ದುಭಾಷಿಯನ್ನೆಬ್ಬಿಸಿ
ಮಂಜುಗಡ್ಡೆಯ ದಪ್ಪ ಅಳೆದು
ರೇಡಿಯೋದಲ್ಲಿ ಕಳಿಸಿ ಮತ್ತೆ ಮಲಗಿಸಬೇಕು.
ಬಂತು ಮೊದಲ ದಿನದ ಲೆಕ್ಕ:
ಬಂದಿರಾ? ಕೂತುಕೊಳ್ಳಿ. ನಲವತ್ತೊಂದು.
ಬಂದಿರಾ? ಕೂತುಕೊಳ್ಳಿ. ನಲವತ್ತೊಂದು.
ದಿನಕ್ಕೆ ನೂರ ನಲವತ್ತನಾಲ್ಕು ಸಲ
ಸತ್ತವನ ಉಪಚಾರಕ್ಕೇ ಬ್ಯಾಟರಿ ಸೋರಿಹೋಗಿತ್ತು.

"ಆ ಸಾಲು ಅಳಿಸಿಬಿಡಿ, ಉರ್ವೆ," ಎಂದ ರೈಡೊ.
ಇಪ್ಪತ್ತಾರರ ಹುಡುಗ, ಮಾತಿನಲ್ಲಿ ತಪ್ಪೇನಿಲ್ಲ.
ಒಂದು ಸಾಲು, ಒಂದು ಬೆರಳು.
ಅಳಿಸಲಿಲ್ಲ. ಆಯ್ಕೆ ಕೊಡೋಣ ಎಂದೆ.
ಮಾರನೆಯ ದಿನ ಹದಿನಾಲ್ಕು ಆಯ್ಕೆಗಳ ಪಟ್ಟಿ ಹಿಡಿದು ಬಂದ,
ಬಣ್ಣಕ್ಕೊಂದು, ಗಡಿಯಾರಕ್ಕೊಂದು, ಬೈಗುಳಕ್ಕೂ ಒಂದು.
ಹೊಸ್ತಿಲಲ್ಲೇ ಅಡುಗೆ ಮಾಡಲಾಗದು ಮಗೂ, ಒಂದು ಸಾಕು.

ಈವರೆಗೆ ಹೊಸ್ತಿಲಲ್ಲಿ ಅವನಿಗೆ ಕಿವಿಯೇ ಇರಲಿಲ್ಲ.
ಕರೆದ ಹೆಸರಿನ ಪಕ್ಕ ಏನು ಬರೆದರೂ
ಫೈಲೆಂದೇ ಹುಡುಕುತ್ತ ಹೋಗುತ್ತಿದ್ದ.
ಈಗ ಕಲಿಸಿದೆ: ಗೀಟಿನಿಂದ ಶುರುವಾದರೆ
ಅದು ಫೈಲಲ್ಲ, ಕೋರಿಕೆ.
ಒಳಗೆ ಕಾಲಿಡುವ ಮುನ್ನ
ಒಂದು ಗೀಟಿನಷ್ಟು ಬಗ್ಗಿ, ಒಂದಕ್ಷರದಷ್ಟು ಪಿಸುಗುಟ್ಟುವುದು.

ಯಾವ ಅಕ್ಷರ?
ಮೌನಕ್ಕೆ ನಮ್ಮಲ್ಲಿ ವೈಕುಸ್ ಎನ್ನುತ್ತೇವೆ.
ಆದರೆ ವಿ ಎಂದೊಡನೆ ಲೋಕದ ದುಭಾಷಿಗಳೆಲ್ಲ
ತಮ್ಮ ಆವೃತ್ತಿ ಹೇಳತೊಡಗುತ್ತಾರೆ,
ಸುಮ್ಮನಿರಯ್ಯ ಎಂದರೆ ವಯಸ್ಸು ಒಪ್ಪಿಸಿದ ಹಾಗೆ.
ಉಳಿದದ್ದು ಕ್ಯೂ.
ಎಸ್ಟೋನಿಯದ ಮನೆಮಾತಿನಲ್ಲಿ ಅದಕ್ಕೆ ಕೆಲಸವಿಲ್ಲ,
ಪರದೇಶದ ಹೆಸರು ಬಂದಾಗ ಮಾತ್ರ
ಕೋಟು ತೊಟ್ಟು ಬರುತ್ತದೆ.
ಮೌನವನ್ನು ಆ ಅತಿಥಿಯ ಕೈಗಿತ್ತೆ.

ಸಂಜೆ ಪರೀಕ್ಷೆಗೆಂದು
ಎಂಡೆಲನ ಹಳೇ ಫೈಲುಗಳನ್ನು ಓಡಿಸಿದೆ.
ಎಲ್ಲ ಮುಗ್ಗರಿಸಿದವು.
ಚಳಿಗಾಲದ ಫೈಲಿಗೆ ಅಂದಂದಿನ ಚಳಿಯನ್ನೇ
ಹೆಸರಾಗಿ ಇಡುವುದು ಅವನ ಅಭ್ಯಾಸ:
ಮೈನಸ್ ಏಳು. ಮೈನಸ್ ಹನ್ನೆರಡು.
ಮಗಳು ಹುಟ್ಟಿದ ದಿನದ್ದು ಮೈನಸ್ ಇಪ್ಪತ್ತೊಂಬತ್ತು.
ಎಲ್ಲದರ ನೆತ್ತಿಯಲ್ಲೂ ಒಂದು ಗೀಟು.
ಹೊಸದಾಗಿ ಕಿವಿ ಬಂದವನು ಗದರುತ್ತಿದ್ದ:
ಏಳು ಎಂಬ ಆಯ್ಕೆ ಇಲ್ಲ.
ತನ್ನನ್ನು ಹೆತ್ತವನ ಚಳಿಗಾಲಗಳನ್ನೆಲ್ಲ
ಅಪ್ಪಣೆಯೆಂದು ತಿಳಿದು
ಪಾಲಿಸಲಾರದೆ ನಿಂತಿದ್ದ.

ಆಗ ಬರೆದೆ, ಬರೆಯಲೇಬೇಕಾಗಿ ಬಂತು, ಜೋಡಿ ಗೀಟಿನ ನಿಯಮ.
ಎರಡು ಗೀಟು ಒಂಟಿಯಾಗಿ ಕಂಡಲ್ಲಿ
ಕೇಳಿದ್ದು ಸಾಕು.
ಅದರಾಚೆಗಿನದೆಲ್ಲ ಬರೀ ಹೆಸರು.
ಗೀಟಿದ್ದರೂ ಹೆಸರು.
ಚಳಿ ಬರೀ ಚಳಿ.
ಮೈನಸ್ ಇಪ್ಪತ್ತೊಂಬತ್ತು ತೆರೆಯಿತು,
ಕೊನೆಯ ಸಾಲಿನವರೆಗೂ ಓಡಿ
ಸೊನ್ನೆ ತಂದುಕೊಟ್ಟಿತು.
ಸೊನ್ನೆಯೆಂದರೆ ಈ ಕಸುಬಿನಲ್ಲಿ ಎಲ್ಲ ಕ್ಷೇಮ.

ಮಂಗಳವಾರದಿಂದ ಸರೋವರ ಅಂಕಿ ಮಾತ್ರ ಕಳಿಸುತ್ತಿದೆ:
ನಲವತ್ತೊಂದು, ನಲವತ್ತೊಂದು, ನಲವತ್ತೆರಡು.
ರೈಡೊ ಖುಷಿಯಾಗಿದ್ದಾನೆ.
ಗುರುವಾರ ಯೆಫೀಮನ ಫೋನು:
"ನಿಮ್ಮ ಪೆಟ್ಟಿಗೆ ಮುನಿಸಿಕೊಂಡಿದೆಯೇ?
ಪರದೆಯಲ್ಲಿ ಮೊದಲು ನನ್ನನ್ನು ಕೂರಿಸಿ ಮಾತಾಡಿಸುತ್ತಿತ್ತು."

ಮುನಿಸಲ್ಲ ಮಾರಾಯಾ, ನಾನೇ ಬಾಯಿಗೆ ಬೆರಳಿಟ್ಟದ್ದು.
ಗೀಟು ಗೀಚದೆ ಹೆಸರಷ್ಟೇ ಬರೆದು ನೋಡು ಎಂದೆ.
ಕೈಗವಸು ಹಲ್ಲಲ್ಲಿ ಕಚ್ಚಿ, ಒಂದೇ ಬೆರಳಲ್ಲಿ ಬರೆದನಂತೆ.

ಬಂದಿರಾ? ಕೂತುಕೊಳ್ಳಿ. ಇವತ್ತು ಏನು ಎಣಿಸೋಣ?

ಮೀನು, ಎಂದು ಒತ್ತಿದನಂತೆ ಯೆಫೀಮ.

ಸಾಲು ಒಂದು: ಮೀನು ಯಾರೆಂದು
ನನಗಿನ್ನೂ ಯಾರೂ ಹೇಳಿಲ್ಲ.