ಕೊನೆಯ ಹೆಸರು ಕಡ್ಡಾಯ

ರಾತ್ರಿ ಹನ್ನೊಂದೂವರೆ. ಸಾಲಗಾಮೆ ರಸ್ತೆಯ ಜೆರಾಕ್ಸ್ ಅಂಗಡಿಯ
ಷಟರ್ ಅರ್ಧ ಎಳೆದು ಗಲ್ಲಾ ಎಣಿಸುತ್ತ ಕೂತವಳಿಗೆ
ಫೋನು ಕಣ್ಣು ಹೊಡೆಯಿತು:
ಕೌಲಾಲಂಪುರ, ಹೋಗಲು ಬರಲು, ನಡುವೆ ಮೂರು ರಾತ್ರಿ,
ಒಬ್ಬರಿಗೆ ಏಳು ಸಾವಿರದ ಚಿಲ್ಲರೆ.
ಹನ್ನೆರಡಕ್ಕೆ ಮುಗಿಯುತ್ತದಂತೆ.

ಪುರ ಅಂತ ಮುಗಿಯುವ ಊರಿಗೆ ಹೆದರುವುದೇನು?
ಸಕಲೇಶಪುರಕ್ಕೆ ಹೋಗಿಬಂದಿಲ್ಲವೇ,
ಕೆಂಪು ಬಸ್ಸಲ್ಲಿ, ನಿಂತುಕೊಂಡೇ.

ತಾಹೇರಾಗೆ ಫೋನು ಮಾಡಿದೆ. ಮೇಲಿನ ಮಹಡಿಯಲ್ಲಿ
ಇನ್ನೂ ಸೀರೆಗೆ ಫಾಲ್ ಹೊಲಿಯುತ್ತಿದ್ದಳು, ಮೆಷೀನಿನ ಸದ್ದು ನಿಂತಿತು.
ಎಲ್ಲಿಗೆ ಅಂತ ಕೇಳಲಿಲ್ಲ.
‘ಅಲ್ಲಿ ಚಳಿನಾ, ಸೆಖೆನಾ?’
ಸೆಖೆ ಅಂದೆ.
‘ಹಂಗಾದ್ರೆ ಸ್ವೆಟರ್ ತೂಕ ಉಳೀತು. ಒತ್ತು.’

ಒತ್ತಿದೆ.
ತಾಹೇರಾ ಬಾನುವಿಗೆ ತಾಪತ್ರಯವಿಲ್ಲ, ಒಂದೇ ಏಟಿಗೆ ಹೋಯಿತು.
ನನ್ನ ಕೊನೆಯ ಹೆಸರು ಕೇಳಿತು.
ನಮ್ಮಲ್ಲಿ ಅದೆಲ್ಲಿದೆ? ಹೆರಗು ಊರಿನ ಎಚ್, ಅಪ್ಪನ ಎಸ್,
ಎರಡೂ ಮುಂದೆ ನಿಲ್ಲುತ್ತವೆ, ಗಾಡಿಗೆ ಕಟ್ಟಿದ ಎತ್ತುಗಳ ಹಾಗೆ;
ಹಿಂದೆ ಬರೀ ನಾನು.
ಕಡ್ಡಾಯ, ಅಂತ ಪರದೆ ಕೆಂಪಗಾಯಿತು.
ಇಲ್ಲದವರು ಮೊದಲಿನದನ್ನೇ ಮತ್ತೆ ಬರೆಯಿರಿ, ಕೆಳಗೆ ಸಣ್ಣಕ್ಷರ.

ದಾಕ್ಷಾಯಿಣಿ ದಾಕ್ಷಾಯಿಣಿ.

ಹೀಗೆ ಎರಡು ಸಲ ನನ್ನನ್ನು ಕರೆದವಳು ಒಬ್ಬಳೇ,
ದೊಡ್ಡಾಸ್ಪತ್ರೆಯ ನರ್ಸು, ಗರ್ಭಕೋಶ ತೆಗೆದ ಮೇಲೆ,
ಕೆನ್ನೆ ತಟ್ಟುತ್ತ: ಏಳಿ, ಮುಗೀತು, ಕಣ್ಣು ಬಿಡಿ.

ಎಷ್ಟು ಜನರ ಪಾಸ್‌ಪೋರ್ಟುಗಳು ಈ ಗಾಜಿನ ಮೇಲೆ ಮಲಗಿ ಎದ್ದಿವೆ!
ದುಬೈಗೆ, ದೋಹಾಕ್ಕೆ, ಹಜ್‌ಗೆ,
ಎರಡು ಕಾಪಿ, ಎರಡೂ ಬದಿ.
ನನ್ನದನ್ನು ಮಾಡಿಸಿ ಮೂರು ವರ್ಷ. ಯಾಕೆ ಅಂದರೆ
ಗೊತ್ತಿಲ್ಲ. ಅಂಚೆ ಕಚೇರಿಯಲ್ಲಿ ಆವತ್ತು ಕ್ಯೂ ಇರಲಿಲ್ಲ.

ಆಮೇಲೆ ಬೇಡಗಳ ಸರದಿ:
ಕಿಟಕಿ ಸೀಟು ಬೇಡ, ಊಟ ಬೇಡ, ವಿಮೆ ಬೇಡ.
ಬೇಡ ಅಂದರೆ ಖಂಡಿತ ಬೇಡವೇ, ಅಂತ ಮತ್ತೆ ಮತ್ತೆ,
ಬೀಗರ ಮನೆಯಲ್ಲಿ ಬಡಿಸುವವರ ಹಾಗೆ.
ಕೊನೆಗೆ ಅನುಕೂಲ ಶುಲ್ಕ ಅಂತ ಆರುನೂರು.
ಯಾರ ಅನುಕೂಲ? ಕೇಳಲು ಜಾಗವಿರಲಿಲ್ಲ.

ಅಪ್ಪ ಹೇಳುತ್ತಿದ್ದ: ಬೂವನಹಳ್ಳಿಯಲ್ಲೇ ವಿಮಾನ ಇಳಿಯುತ್ತೆ, ತಡಿ,
ಮೊದಲ ದಿನವೇ ನಿನ್ನ ಹತ್ತಿಸ್ತೀನಿ.
ತಡೆದೆ, ಅಪ್ಪ.
ಓಟಿಪಿ ಬಂತು, ಹನ್ನೊಂದು ಐವತ್ತೆಂಟಕ್ಕೆ.

ಬೆಳಿಗ್ಗೆ ಕಟ್ಟಿನಕೆರೆ ಮಾರುಕಟ್ಟೆಗೆ ಖಾಲಿ ಬ್ಯಾಗು ಹಿಡಿದು ಹೋದೆ.
ಏಳು ಕಿಲೋ ಅಂದರೆ ಎಷ್ಟು, ತುಂಬಿ ತೋರಿಸಪ್ಪ.
ಮಂಜಯ್ಯ ಆಲೂಗಡ್ಡೆ ಸುರಿದ.
ಬ್ಯಾಗಿನ ತೂಕವೂ ಸೇರಿ, ಅಂದೆ. ಗೊಣಗುತ್ತ ನಾಲ್ಕು ಗೆಡ್ಡೆ ವಾಪಸ್ ತೆಗೆದ.
ಹೆಗಲಿಗೇರಿಸಿ ಬಾಳೆಹಣ್ಣಿನ ಸಾಲಿನ ತನಕ ನಡೆದೆ,
ಅಲ್ಲಿಂದ ತಿರುಗಿ ಬಂದೆ, ಇನ್ನೊಂದು ಸಲ ಹೋದೆ.

‘ಯಾರಿಗಕ್ಕಾ ಇಷ್ಟು ಆಲೂಗಡ್ಡೆ?’
ಆಲೂಗಡ್ಡೆ ಅಲ್ಲ, ಅಂದೆ.
ಇಷ್ಟು.