ಎಣ್ಣೆ ದೀಪ

ಮನೆಯಲ್ಲಿ ಎಣ್ಣೆ ಇದ್ದರೆ ದೀಪ ಉರಿಯುತ್ತದೆ.
ಗಾಡಿಯಲ್ಲಿ ಎಣ್ಣೆ ಏರದಿದ್ದರೆ.
ಮೀಟರಿನ ಮೂಲೆಯಲ್ಲಿ ಕೆಂಪಗೆ ಪುಟಾಣಿ ಗಿಂಡಿ,
ಮೂತಿಯ ತುದಿಗೆ ಒಂದು ಹನಿ.

ಬ್ಯಾಟಪ್ಪ ಅದರ ಮೇಲೆ ಕರೀ ಟೇಪು ಅಂಟಿಸಿದ್ದ.
"ನಾಲ್ಕು ದಿನದಿಂದ ಕಣ್ಣಿಗೆ ಚುಚ್ಚುತ್ತಿತ್ತು, ರಾತ್ರಿ ಹೊತ್ತು."
ಈಗ ಬೆಳಗಿನ ಜಾವ ಐದು, ಚಿಂತಾಮಣಿ, ಚೇಳೂರು ರಸ್ತೆ,
ಪಿಕಪ್ಪಿನ ಬೆನ್ನ ಮೇಲೆ ಇಪ್ಪತ್ತೆರಡು ಚೀಲ ರೇಷ್ಮೆಗೂಡು,
ಹರಾಜಿನ ಹೊತ್ತಿಗೆ ಶಿಡ್ಲಘಟ್ಟ ಸೇರಬೇಕು.
ಒಳಗಿರುವ ಹುಳ ನನ್ನ ಸ್ಪ್ಯಾನರಿಗೆ ಕಾಯುವುದಿಲ್ಲ.
ಭಾವಮೈದನ ಟೆಂಪೋ ಕರೆಸಿ ಗೂಡು ದಾಟಿಸಿದೆವು ಮೊದಲು.
ಬರೀ ಗಾಡಿ ಉಳಿಯಿತು, ಬ್ಯಾಟಪ್ಪ ಉಳಿದ, ನಾನು, ಟಾರ್ಚು ಹಿಡಿದ ಜಬೀ.

ಕಡ್ಡಿ ಎಳೆದೆ, ಒರೆಸಿದೆ, ಇಳಿಸಿ ಮತ್ತೆ ಎಳೆದೆ.
ಎರಡು ಗೆರೆಯ ನಡುವೆ ಎಣ್ಣೆ, ಇರಬೇಕಾದಷ್ಟೇ.
ಬೆರಳಲ್ಲಿ ಉಜ್ಜಿ ಮೂಸಿದೆ. ಡೀಸೆಲ್ ವಾಸನೆಯಿಲ್ಲ,
ನೀರು ಬೆರೆತರೆ ಬರುವ ಮಜ್ಜಿಗೆ ಬಣ್ಣವೂ ಇಲ್ಲ.
"ಎಣ್ಣೆ ಇದೆಯಲ್ಲ, ಮತ್ತೇನು ರೋಗ ಇದಕ್ಕೆ?"
ಇರೋದು ಬೇರೆ, ಏರೋದು ಬೇರೆ ಬ್ಯಾಟಪ್ಪ.
ಸಂಪಿನಲ್ಲಿ ನೀರಿದ್ದ ಮಾತ್ರಕ್ಕೆ
ಮಾಳಿಗೆ ನಲ್ಲಿಯಲ್ಲಿ ಬರುತ್ತದೆ ಅಂತ ಯಾರು ಹೇಳಿದರು?

ದೀಪವನ್ನೂ ನಂಬಬೇಡ ಅನ್ನುತ್ತಿದ್ದರು ಉಸ್ತಾದ್ ಇನಾಯತ್.
ಸ್ವಿಚ್ಚೇ ಸತ್ತು ಸುಳ್ಳು ಹೇಳುತ್ತಿರಬಹುದು,
ಅದನ್ನು ಬಿಚ್ಚು, ಆ ತೂತಿಗೇ ಮುಳ್ಳಿನ ಮೀಟರು ತಿರುಪು.
ತಿರುಪಿದೆ.
ತಣ್ಣಗಿದ್ದಾಗ ಮುಳ್ಳು ಗಟ್ಟಿಯಾಗಿ ನಿಂತಿತು.
ಹತ್ತು ನಿಮಿಷಕ್ಕೆ ಎಂಜಿನ್ನು ಕಾಯಿತು, ಮುಳ್ಳು ಬಾಗಿತು
ಪಂಚಾಯಿತಿಯಲ್ಲಿ ತಪ್ಪು ಒಪ್ಪಿಕೊಂಡವನ ಕತ್ತಿನ ಹಾಗೆ.
ಆಕ್ಸಿಲರೇಟರ್ ಒತ್ತಿಸಿದೆ. ಇನ್ನೂ ಬಾಗಿತು.

ಬೇರಿಂಗು ಸವೆದಿದ್ದರೆ ಒತ್ತಿದಾಗ ಏರುತ್ತಿತ್ತು.
ಇದು ಬೇರೆ. ಪಂಪು ಎಳೆಯುತ್ತಿದೆ,
ಬಾಯಿಗೆ ಯಾರೋ ಬಟ್ಟೆ ಹಿಡಿದಿದ್ದಾರೆ.

ಎಣ್ಣೆ ಬಸಿದು, ಚೇಂಬರಿನ ಹದಿನೆಂಟು ಬೋಲ್ಟು ಬಿಚ್ಚಿ
ಅಂಗಾತ ಮಲಗಿ ಮೇಲೆ ನೋಡಿದೆ.
ಟೀ ಸೋಸುವ ಜರಡಿಯಷ್ಟು ಅಗಲದ ಜಾಲರಿ,
ಅದರ ತುಂಬ ಬೂದು ಬಣ್ಣದ ರಬ್ಬರು ಎಳೆ,
ಮಳೆ ನಿಂತ ಮೇಲೆ ಸಿಗುವ ಎರೆಹುಳದ ಹಾಗೆ
ಒಂದಕ್ಕೊಂದು ಸುತ್ತಿಕೊಂಡು.
ಚೇಂಬರಿನ ಅಂಚಿಗೆ ಸೋರದಿರಲಿ ಅಂತ ಹಚ್ಚುವ ಪೇಸ್ಟು.
ಈ ರಸ್ತೆಯ ಐದು ಗ್ಯಾರೇಜಿನಲ್ಲೂ ಕಪ್ಪು ಪೇಸ್ಟು ಹಚ್ಚುತ್ತಾರೆ.
ಬೂದು ಟ್ಯೂಬು ಇರುವುದು ನನ್ನ ಹತ್ತಿರ.

ಕಾರ್ತೀಕದಲ್ಲಿ ಇದೇ ಗಾಡಿ, ಇದೇ ಜಾಗ.
ಕೂದಲೆಳೆಯಷ್ಟು ಸಾಕು ಅಂತ ಕಲಿತ ಕೈ
ಇರಲಿ ಅಂತ ಇನ್ನೊಂದು ಸುತ್ತು ಹಿಂಡಿತ್ತು.
ಒಳಗೆ ಒತ್ತಿ ಬಂದದ್ದು ಕಿತ್ತು, ತೇಲಿ, ಬಂದು ಇಲ್ಲಿ ಕೂತಿದೆ.

"ಏನು ಸಿಕ್ತು?" ಬಾನೆಟ್ಟಿನ ಹತ್ತಿರದಿಂದ ಬ್ಯಾಟಪ್ಪ.
ಜಬೀ ನನ್ನ ಮುಖ ನೋಡಿದ.
ಟಾರ್ಚನ್ನು ನೆಲಕ್ಕೆ ತಿರುಗಿಸಿದ, ಹುಡುಗ.
"ಕಸ" ಅಂದೆ.

ಜಾಲರಿ ತೊಳೆದೆ, ಗಾಳಿ ಹೊಡೆದೆ, ಅಂಚು ಕೆರೆದೆ.
ಹನ್ನೊಂದನೆಯ ಬೋಲ್ಟಿನವರೆಗೆ ಬಾಯಿ ಬಿಡಲಿಲ್ಲ.
ಆಮೇಲೆ ಗಾಡಿಯ ಅಡಿಯಿಂದಲೇ, ಅವನ ಚಪ್ಪಲಿಗೆ ಹೇಳಿದೆ:
"ಕಸ ನನ್ನದು. ಹೋದ ಸಲ ನಾನೇ ಹಾಕಿದ್ದು."
ಚಪ್ಪಲಿ ಅಲ್ಲೇ ಇತ್ತು. ಬೆರಳು ಒಂದು ಸಲ ಮಡಿಸಿತು.
"ಟೇಪು ನಾನೇ ಅಂಟಿಸಿದ್ದು" ಅಂತು.

ಹೊಸ ಎಣ್ಣೆ, ಹೊಸ ಫಿಲ್ಟರು. ದುಡ್ಡಿನ ಮಾತು ಎತ್ತಲಿಲ್ಲ ಇಬ್ಬರೂ.
ಅವನು ಉಗುರಲ್ಲಿ ಟೇಪು ಕಿತ್ತ, ಕೀಲಿ ತಿರುವಿದ.
ಗಿಂಡಿ ಒಮ್ಮೆ ಕೆಂಪಾಯಿತು. ಎಂಜಿನ್ನು ಹಿಡಿಯಿತು, ಕೆಂಪು ಹೋಯಿತು.
ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು,
ಅನ್ನುತ್ತಿದ್ದಳು ನನ್ನವ್ವ.
ಈ ದೀಪಕ್ಕೆ ಏನನ್ನಬೇಕೋ ಅವಳಿಗೂ ಗೊತ್ತಿರಲಿಲ್ಲ.

ಮುಳ್ಳು ನಿಂತಿದೆ. ಕಾದ ಮೇಲೂ ನಿಂತಿದೆ.
ಮೀಟರಿನ ಗಾಜಿನ ಮೇಲೆ ಟೇಪಿನ ಅಂಟು ಉಳಿದಿತ್ತು,
ಜಬೀ ಬನಿಯನ್ ಚೂರಿಗೆ ಪೆಟ್ರೋಲು ಹಚ್ಚಿ ಉಜ್ಜುತ್ತಿದ್ದ,
ಮೆಲ್ಲಗೆ, ಗೀರು ಬೀಳದ ಹಾಗೆ.