ಕೇಕು ಹೊರುವ ಕಾರು

ಬೆಳಗಿನ ಜಾವ ಮೂರೂಮುಕ್ಕಾಲು.
ಬ್ಲೈನೈ ಊರಿನ ಸುತ್ತ
ಸ್ಲೇಟುಗಣಿ ಬಿಸುಟ ಚೂರಿನ ಗುಡ್ಡಗಳು
ಕತ್ತಲಿಗಿಂತ ಒಂದು ಪಟ್ಟು ಹೆಚ್ಚು ಕಪ್ಪು.
ಬೀಗದ ಕೈ ತಿರುಗಿಸುತ್ತೇನೆ.
ಒಮ್ಮೆ ಕೆಮ್ಮುತ್ತದೆ, ಇನ್ನೊಮ್ಮೆ ಯೋಚಿಸುತ್ತದೆ,
ಆಮೇಲೆ ಹಿಡಿಯುತ್ತದೆ.
ಕೊನೇ ಮನೆಯ ಮಿಸೆಸ್ ಪ್ಯಾರಿ ದೀಪ ಹಾಕುತ್ತಾಳೆ,
ಅವಳಿಗೆ ನಾನೇ ಅಲಾರಾಂ.

ಇಪ್ಪತ್ತು ವರ್ಷದ ಕ್ಲಿಯೊ ಇದು, ಹಳದಿ,
ಎರಡು ಲೀಟರಿನ ಎದೆಯನ್ನು
ಸಂತೆಚೀಲದಷ್ಟು ಮೈಯೊಳಗೆ ತುರುಕಿದ್ದು.
ಕೊಂಡಾಗ ನನಗೆ ಮೂವತ್ತೊಂದು,
ಯಾರನ್ನೂ ಕೇಳಲಿಲ್ಲ.
ಈಗ ಬೇಕರಿಯ ಹಿಟ್ಟು, ಮೊಟ್ಟೆ, ಮದುವೆಯ ಕೇಕು
ಎಲ್ಲವನ್ನೂ ಇದೇ ಹೊರುತ್ತದೆ.
ವ್ಯಾನು ಕೊಳ್ಳು ಎನ್ನುತ್ತಾಳೆ ತಂಗಿ ನೆಸ್ಟ್.
ಎನ್ನುತ್ತಲೇ ಇದ್ದಾಳೆ, ಹನ್ನೊಂದು ವರ್ಷದಿಂದ.

ಐದು ವರ್ಷಕ್ಕೊಮ್ಮೆ ಟೈಮಿಂಗ್ ಬೆಲ್ಟು.
ಮೊದಲ ಸಲ ಬೆಲೆ ಕೇಳಿ
ಗ್ಯಾರೇಜಿನ ಟೈರಿನ ಮೇಲೆ ಕೂತುಬಿಟ್ಟಿದ್ದೆ:
ಮೂಗಿಗಿಂತ ಮೂಗುತಿ ಭಾರ!
"ಬೆಲ್ಟು ಹರಿದರೆ ವಾಲ್ವುಗಳು
ಪಿಸ್ಟನ್ನಿಗೆ ತಲೆ ಚಚ್ಚಿಕೊಳ್ಳುತ್ತವೆ" ಎಂದ ಎಮ್ರಿಸ್,
ಕೆಟ್ಟ ಸುದ್ದಿ ಹೇಳಿ ಅಭ್ಯಾಸವಾದ ಡಾಕ್ಟರನಂತೆ
ಕೊಳಕು ಬಟ್ಟೆಯಲ್ಲೇ ಮತ್ತೆ ಕೈ ಒರೆಸಿಕೊಳ್ಳುತ್ತ.
ಬದಲಾಯಿಸಿದೆ. ಮೂರು ಸಲ.

ಚಳಿಗಾಲದ ರಸ್ತೆಗೆ ಸುರಿದ ಉಪ್ಪು
ಹಿಂಚಕ್ರದ ಕಮಾನನ್ನು ಗೆದ್ದಲಿನ ಹಾಗೆ
ಒಳಗಿಂದ ತಿಂದು, ಬಣ್ಣವನ್ನಷ್ಟೇ ಬಿಟ್ಟಿತ್ತು.
ಹೆಬ್ಬೆರಳಿನಿಂದ ಒತ್ತಿದೆ. ಬಿಸ್ಕತ್ತು.
ಕೊಯ್ದು, ಬೆಸೆದು, ಬಣ್ಣ ಬಳಿದರು.
ಆ ಹಳದಿ ಈ ಹಳದಿಗೆ ಹೊಂದಲಿಲ್ಲ,
ಬಿಸಿಲು ಬಿದ್ದರೆ ಗೊತ್ತಾಗುತ್ತದೆ.
ಇಲ್ಲಿ ಬಿಸಿಲು ಬೀಳುವುದು ಕಡಿಮೆ.

ಹೋದ ವರ್ಷ ಆಸೆಯಾಯಿತು.
ಹೊಸ ಶಾಕ್ ಅಬ್ಸಾರ್ಬರು,
ಕಾರನ್ನು ಮೂರು ಸೆಂಟಿಮೀಟರು ತಗ್ಗಿಸುವ ಸ್ಪ್ರಿಂಗು;
ಪೆಟ್ಟಿಗೆ ಬಿಚ್ಚಿದರೆ ಕೆಂಪಗೆ ಸುತ್ತಿಕೊಂಡು ಮಲಗಿದ್ದವು.
ಎಮ್ರಿಸ್ ಏನೂ ಹೇಳಲಿಲ್ಲ. ಹಾಕಿಕೊಟ್ಟ.
ಭಾನುವಾರ ಕ್ರೈಮಿಯಾ ಘಾಟಿ ಹತ್ತಿದೆ.
ಅಬ್ಬಾ, ಆ ತಿರುವುಗಳು!
ಸ್ಟೀರಿಂಗಿಗೆ ಹೇಳುವ ಮೊದಲೇ
ಗಾಲಿಗಳಿಗೆ ಕೇಳಿಸುತ್ತಿತ್ತು.
ಮೂರನೇ ಗೇರಿನಲ್ಲಿ ಆರು ಸಾವಿರ ಸುತ್ತು,
ಬಂಡೆಗೋಡೆ ಸದ್ದನ್ನು ಹಿಡಿದು ವಾಪಸು ಎಸೆಯಿತು,
ಕುರಿಗಳು ಮೇಯುವುದು ನಿಲ್ಲಿಸಿ ನೋಡಿದವು.
ಐವತ್ತರ ಹೆಂಗಸು, ರೆಪ್ಪೆಯಲ್ಲಿ ಹಿಟ್ಟು,
ಒಬ್ಬಳೇ ಜೋರಾಗಿ ನಕ್ಕೆ.

ಮುಂದಿನ ಶನಿವಾರ ಹಾರ್ಲೆಕ್‌ನಲ್ಲಿ ಮದುವೆ.
ಮೂರಂತಸ್ತಿನ ಕೇಕು, ನಡುವೆ ನಿಂಬೆಯ ಕೆನೆ,
ಮೇಲೆ ಸಕ್ಕರೆಯ ಡ್ಯಾಫಡಿಲ್ ಹೂ.
ದಾರಿಯುದ್ದಕ್ಕೂ ಒಂದೊಂದು ಗುಂಡಿಯನ್ನೂ
ಕಾರು ನನ್ನ ಬೆನ್ನುಮೂಳೆಗೆ ಓದಿ ಹೇಳಿತು,
ಕೇಕಿಗೂ ಹೇಳಿರಬೇಕು.
ಹಿಂಬಾಗಿಲು ಎತ್ತಿದರೆ ಮೇಲಿನಂತಸ್ತು
ಕೆಳಗಿನದರ ಹೆಗಲಿಗೆ ಒರಗಿ ನಿದ್ದೆ ಹೋಗಿತ್ತು.
ಮದುಮಗಳ ಅತ್ತೆ ಬಂದು ನೋಡಿದಳು,
ಬಹಳ ಹೊತ್ತು ನೋಡಿದಳು.
"ನಮ್ಮನೆಯವರೂ ಸಂಜೆ ಹೊತ್ತಿಗೆ
ಹೀಗೇ ನಿಲ್ಲುತ್ತಾರೆ" ಎಂದಳು.

ಸೋಮವಾರ ಹಳೇ ಸ್ಪ್ರಿಂಗು ವಾಪಸು.
ಎಮ್ರಿಸ್ ಅವನ್ನು ಎಸೆದಿರಲಿಲ್ಲ.
ಚೀಟಿಯಲ್ಲಿ 'ಎಲಿನೆಡ್' ಎಂದು ಬರೆದು ಕಟ್ಟಿ
ಕೈಗೆಟಕುವ ಹಲಗೆಯ ಮೇಲೇ ಇಟ್ಟಿದ್ದ.
ಕೆಂಪಿನವು ಈಗ ನನ್ನ ಮಂಚದ ಕೆಳಗಿವೆ.
ಉಳಿದ ದುಡ್ಡಿಗೆ ಹೀಟರಿನ ಫ್ಯಾನು ರಿಪೇರಿ,
ಎರಡು ಒಳ್ಳೆಯ ಬಲ್ಬು, ವೈಪರು.
ಎಷ್ಟೋ ಚಳಿಗಾಲದ ಮೇಲೆ ಕಾಲು ಬೆಚ್ಚಗಾಯಿತು.

ನಿನ್ನೆ ಪೋರ್ಥ್‌ಮಾಡೊಗ್‌ನ ಬಂಕಿನಲ್ಲಿ
ಮೀಸೆ ಮೂಡದ ಹುಡುಗನೊಬ್ಬ ಎರಡು ಸುತ್ತು ಹಾಕಿದ,
ಎರಡೂ ಹಳದಿಯನ್ನು ಗುರುತಿಸಿದ.
"ಮಾರ್ತೀರಾ?"
"ಎರಡನೇ ಗೇರು ಕಚ್ಚುತ್ತೆ."
"ಇವುಗಳಲ್ಲಿ ಎಲ್ಲಾದರಲ್ಲೂ ಕಚ್ಚುತ್ತೆ."
"ಬೇಕರಿ ವಾಸನೆ."
ಕಿಟಕಿಯೊಳಗೆ ತಲೆ ಹಾಕಿ ಮೂಸಿದ.
"ನಿಂಬೆ," ಎಂದ.
ಮಂಚದ ಕೆಳಗಿನವು ಬೇಕಾ ಎಂದು ಕೇಳಬಹುದಿತ್ತು.
ಕೇಳಲಿಲ್ಲ.
ಅವನಿಗೆ ಕೇಳಲಿ ಎಂದೇ
ಮೂರನೇ ಗೇರಿನವರೆಗೆ ಒಂದೇ ಉಸಿರಿಗೆ ಎಳೆದೆ;
ಹಿಂದಿನ ಸೀಟಿನಲ್ಲಿ ಆರು ಡಜನ್ ಮೊಟ್ಟೆ
ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡವು.